ಸಂಪಾದಕರ ಉತ್ತರ: ಆ ಹಾಡು ಕೃಷ್ಣನಿಗೆ

ಮೈಸೂರು ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು:

"ನನ್ನ ಮಗಳಿಗೆ 17 ವರ್ಷ. ಎಂಟು ವರ್ಷದಿಂದ ಶಾಸ್ತ್ರೀಯ ಸಂಗೀತ ಕಲಿಯುತ್ತಿದ್ದಾಳೆ. ಕಳೆದ ತಿಂಗಳು ಯುವಕ ಯುವತಿಯರ ವಿಭಾಗ ಮಟ್ಟದ ರಂಗಗೀತೆ ಸ್ಪರ್ಧೆ ಇತ್ತು. ಕುರುಕ್ಷೇತ್ರ ನಾಟಕದ ದ್ರೌಪದಿಯ ಹಾಡು ಹಾಡಿದಳು. ಒಂದು ಸ್ವರ ತಪ್ಪಲಿಲ್ಲ. ಮೊದಲು ಆಲಾಪನೆ ಮಾಡಿದಳು, ಕೊನೆಗೆ ಸ್ವರವನ್ನೂ ಹಾಕಿದಳು. ಜನ ಚಪ್ಪಾಳೆ ತಟ್ಟಿದರು. ಆದರೆ ಮೊದಲ ಬಹುಮಾನ ಕರ್ಣನ ಹಾಡು ಹಾಡಿದ ಹುಡುಗನಿಗೆ ಹೋಯಿತು. ಅವನ ಶ್ರುತಿ ಎರಡು ಕಡೆ ಜಾರಿತ್ತು. ಒಂದು ಸಾಲನ್ನಂತೂ ಹಾಡಲೇ ಇಲ್ಲ, ಸುಮ್ನೆ ಮಾತಿನ ಹಾಗೆ ಹೇಳಿಬಿಟ್ಟ. ನನ್ನ ಮಗಳಿಗೆ ಸಮಾಧಾನಕರ ಬಹುಮಾನ. ಕಾರಣ ಕೇಳಿದರೆ 'ಭಾವ ಸಾಲದು' ಎಂದರು, ಅಷ್ಟೇ. ಇದು ಹಾಡಿನ ಸ್ಪರ್ಧೆಯೋ ನಾಟಕದ ಸ್ಪರ್ಧೆಯೋ? ರಂಗಗೀತೆ ಅಂದ್ರೆ ಏನು ಅಂತ ಮಕ್ಕಳಿಗೆ ಯಾರಾದರೂ ಮೊದಲೇ ಹೇಳಬೇಕಲ್ವಾ?"

ಸೋದರಿ, ನಮಸ್ಕಾರ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮಗಳು ಮನೆಗೆ ಬಂದು ತಂಬೂರಿಗೆ ಬಟ್ಟೆ ಮುಚ್ಚಿಟ್ಟು ಎರಡು ದಿನ ಮುಟ್ಟಲಿಲ್ಲ ಎಂದು ಕೊನೆಯಲ್ಲಿ ಬರೆದಿದ್ದೀರಲ್ಲ, ಅಲ್ಲಿಗೆ ಬಂದಾಗ ಪ್ರತಿ ಸಲವೂ ಮನಸ್ಸು ಭಾರವಾಯಿತು. ಅದಕ್ಕೇ ಎರಡು ಸಾಲಿನಲ್ಲಿ ಮುಗಿಸದೆ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ, ನೀವು ಹೇಳಿದ್ದರಲ್ಲಿ ಸರಿಯಾದದ್ದನ್ನು ಒಪ್ಪಿಕೊಳ್ಳುತ್ತೇನೆ. 'ಭಾವ ಸಾಲದು' ಎಂಬುದು ಉತ್ತರವೇ ಅಲ್ಲ. ಹದಿನೇಳರ ಹುಡುಗಿ ಆ ಮಾತನ್ನು ಹಿಡಿದುಕೊಂಡು ಮನೆಯಲ್ಲಿ ಏನು ಅಭ್ಯಾಸ ಮಾಡಬೇಕು? ಮುಖ ಜಾಸ್ತಿ ಕಿವುಚಬೇಕಾ? ಕೈ ಜಾಸ್ತಿ ಆಡಿಸಬೇಕಾ? ಎಷ್ಟೋ ಮಕ್ಕಳು ಹಾಗೇ ಅಂದುಕೊಂಡು ಮುಂದಿನ ವರ್ಷ ಅದನ್ನೇ ಮಾಡುತ್ತಾರೆ. ತೀರ್ಪು ಕೊಟ್ಟವರು ಐದು ನಿಮಿಷ ಕೂತು, ಯಾವ ಸಾಲಿನಲ್ಲಿ ಏನು ಬೇಕಿತ್ತು ಎಂದು ತೋರಿಸಿದ್ದರೆ ನಿಮ್ಮ ಮಗಳು ತಂಬೂರಿಗೆ ಬಟ್ಟೆ ಮುಚ್ಚುತ್ತಿರಲಿಲ್ಲ.

ಇನ್ನು ನಿಮ್ಮ ಪ್ರಶ್ನೆ. ಆ ಸ್ಪರ್ಧೆಗೆ ನಾನು ಬಂದಿರಲಿಲ್ಲ. ಇಬ್ಬರಲ್ಲಿ ಯಾರು ಮೇಲು ಎಂದು ಇಲ್ಲಿ ಕೂತು ಹೇಳುವ ಹಕ್ಕು ನನಗಿಲ್ಲ. ಆದರೆ ನಿಮ್ಮ ಮಗಳು ಹಾಡಿದ ಆ ಸನ್ನಿವೇಶ ನನಗೆ ಚೆನ್ನಾಗಿ ಗೊತ್ತು. ಅದನ್ನು ಒಂದು ಸಲ ನೋಡೋಣ.

ಕೃಷ್ಣ ಸಂಧಾನಕ್ಕೆ ಹೊರಟು ನಿಂತಿದ್ದಾನೆ. ಧರ್ಮರಾಯ ಐದು ಊರು ಸಿಕ್ಕರೂ ಸಾಕು ಅಂದಿದ್ದಾನೆ. ಭೀಮ ಕೂಡ ಮೆತ್ತಗಾಗಿದ್ದಾನೆ. ಸಂಧಾನ ಕೂಡಿಬಂದರೆ ಯುದ್ಧ ಇಲ್ಲ. ಯುದ್ಧ ಇಲ್ಲದಿದ್ದರೆ ತುಂಬಿದ ಸಭೆಯಲ್ಲಿ ತನ್ನ ಮುಡಿ ಹಿಡಿದು ಎಳೆದವನಿಗೆ ಶಿಕ್ಷೆಯೂ ಇಲ್ಲ. ದ್ರೌಪದಿಗೆ ಇದೆಲ್ಲ ಅರ್ಥವಾಗಿದೆ. ಅವಳು ಬಿಚ್ಚಿದ ಮುಡಿಯನ್ನು ಕೈಯಲ್ಲಿ ಹಿಡಿದು ಕೃಷ್ಣನ ಮುಂದೆ ನಿಲ್ಲುತ್ತಾಳೆ. ಅಲ್ಲಿ ಮಾತಾಡುವಾಗ ಇದನ್ನು ನೆನಪಿಟ್ಟುಕೋ ಅನ್ನುತ್ತಾಳೆ. ಅವಳಿಗೆ ಅವನ ಮೇಲೆ ಸಿಟ್ಟಿದೆ. ಅವನನ್ನು ಬಿಟ್ಟರೆ ಬೇರೆ ಗತಿಯೂ ಇಲ್ಲ. ಅವನು ಹೊರಡುವುದಕ್ಕೆ ಇರುವುದು ಕೆಲವೇ ಕ್ಷಣ.

ಈಗ ಯೋಚನೆ ಮಾಡಿ. ಆ ಹೆಂಗಸಿಗೆ ನಿಂತು ಸ್ವರ ಹಾಕುವಷ್ಟು ಪುರುಸೊತ್ತು ಎಲ್ಲಿದೆ?

ನಿಮ್ಮ ಮಗಳ ವಿದ್ಯೆಯನ್ನು ಕಡಿಮೆ ಮಾಡಿ ಹೇಳುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಸಂಗೀತ ಕಚೇರಿಯಲ್ಲಿ ಹಾಡುವವರು ರಾಗವನ್ನು ಕೇಳುಗರಿಗೆ ಬಿಡಿಸಿ ತೋರಿಸುತ್ತಾರೆ. ಅದಕ್ಕೆ ಹೊತ್ತು ಬೇಕು, ಅಲ್ಲಿ ಹೊತ್ತಿದೆ. ರಂಗಗೀತೆಯಲ್ಲಿ ಹಾಡುವುದು ಪಾತ್ರ. ಅದಕ್ಕೆ ಎದುರಿಗೊಬ್ಬರು ಇದ್ದಾರೆ, ಅವರಿಂದ ಏನೋ ಆಗಬೇಕಾಗಿದೆ. ಬರೀ ಮಾತಿನಲ್ಲಿ ಹೇಳಿ ಸಾಲದೆ ಹೋದಾಗ ಪಾತ್ರ ಹಾಡಿಗೆ ಏಳುತ್ತದೆ. ನಾನು ರಂಗಗೀತೆ ಎಂದು ಕರೆಯುವುದು ಇದನ್ನೇ.

ಇದನ್ನು ನನಗೆ ಕಲಿಸಿದವರು ತುಮಕೂರು ಕಡೆಯ ಒಬ್ಬ ಹಾರ್ಮೋನಿಯಂ ಮೇಷ್ಟ್ರು. ಆಗ ನನಗೆ ಇಪ್ಪತ್ತೆರಡು ವರ್ಷ ಇರಬೇಕು. ಊರ ಹಬ್ಬಕ್ಕೆ ನಾಟಕ ಕಲಿಸುತ್ತಿದ್ದರು, ಬರೆಯಲು ಏನಾದರೂ ಸಿಕ್ಕೀತು ಎಂದು ಹೋಗಿದ್ದೆ. ರಾತ್ರಿ ಒಂಬತ್ತರ ಮೇಲೆ, ಹೊಲದ ಕೆಲಸ ಮುಗಿಸಿ ಉಂಡು ಬಂದವರು ಶಾಲೆಯ ಜಗುಲಿಯಲ್ಲಿ ಸೇರುತ್ತಿದ್ದರು. ಮೇಷ್ಟ್ರ ಕಾಲು ಹಾರ್ಮೋನಿಯಂನ ಒಂದು ತಿದಿ ಹರಿದಿತ್ತು. ಸೈಕಲ್ ಟ್ಯೂಬಿನ ತುಂಡು ಅಂಟಿಸಿ ಕೆಲಸ ನಡೆಸುತ್ತಿದ್ದರು. ಪೆಡಲ್ ತುಳಿದಾಗೆಲ್ಲ ಅದು ಉಸ್ ಅನ್ನುತ್ತಿತ್ತು. ಕೃಷ್ಣನ ಪಾರ್ಟಿನ ಹುಡುಗ ಒಳ್ಳೆಯ ಕಂಠದವನು. ಕಂದಪದ್ಯ ಹೇಳಿ, ಹಾಡು ಎತ್ತಿಕೊಂಡು, ಎದೆಯುಬ್ಬಿಸಿ ಮೇಲಿನ ಷಡ್ಜದಲ್ಲಿ ನಿಂತ. ನಮಗೆಲ್ಲ ಮೈ ಜುಮ್ಮೆಂದಿತು. ಮೇಷ್ಟ್ರು ಪೆಡಲ್ ತುಳಿಯುವುದನ್ನು ನಿಲ್ಲಿಸಿಬಿಟ್ಟರು.

"ಯಾರಿಗಪ್ಪ ಹೇಳ್ತಿದ್ದೀಯ?"

ಹುಡುಗ ತಬ್ಬಿಬ್ಬಾದ. "ಜನಕ್ಕೆ ಮೇಷ್ಟ್ರೇ" ಅಂದ.

"ಜನ ಹಬ್ಬದ ದಿನ ಬರ್ತಾರೆ. ಕರ್ಣ ಇಲ್ಲೇ ಕೂತವ್ನೆ ನೋಡು. ನೀನು ಕುಂತಿ ಮಗ ಅಂತ ಅವನಿಗೆ ಹೇಳಬೇಕು ನೀನು. ಇಷ್ಟು ಕೂಗಿ ಹೇಳಿದ್ರೆ ಕೌರವನಿಗೂ ಕೇಳಿಸ್ತದೆ."

ಹುಡುಗ ಮತ್ತೆ ಹಾಡಿದ. ಅದೇ ಮಟ್ಟು, ಅದೇ ಶ್ರುತಿ. ಆದರೆ ಈ ಸಲ ಕರ್ಣನ ಪಾರ್ಟಿನವನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಶುರು ಮಾಡಿದ. ಕರ್ಣನ ಪಾರ್ಟಿನವನು ಬೀಡಿ ಕೆಳಗಿಟ್ಟು ತಲೆಯೆತ್ತಿ ನೋಡಿದ. ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿರುವುದು ಆ ತಲೆಯೆತ್ತಿದ ರೀತಿ.

ಮೊದಲ ಬಹುಮಾನ ಪಡೆದ ಹುಡುಗ ಒಂದು ಸಾಲನ್ನು ಮಾತಿನ ಹಾಗೆ ಹೇಳಿದ ಅಂದಿರಲ್ಲ, ಅದು ಮರೆವಿನಿಂದ ಆದದ್ದೋ ಬೇಕೆಂದೇ ಮಾಡಿದ್ದೋ ನಾನು ಕೇಳಿಲ್ಲ. ಬೇಕೆಂದೇ ಮಾಡಿದ್ದರೆ ಅದು ರಂಗದ ಹಳೆಯ ಪಟ್ಟು. ಮಾತಿನಿಂದ ಹಾಡಿಗೆ ಹತ್ತುವುದು, ಹಾಡಿನಿಂದ ಮಾತಿಗೆ ಇಳಿಯುವುದು, ಈ ಎರಡು ಮೆಟ್ಟಿಲು ಗೊತ್ತಿರುವವರು ಸಭೆಯನ್ನು ಹಿಡಿಯುತ್ತಾರೆ. ಶ್ರುತಿ ಜಾರಿದ್ದು ಮಾತ್ರ ತಪ್ಪೇ. ಅದಕ್ಕೆ ಅಂಕ ಕಳೆಯಬೇಕಿತ್ತು. ಭಾವದ ಹೆಸರಿನಲ್ಲಿ ಶ್ರುತಿಗೆ ರಿಯಾಯಿತಿ ಕೊಡುವುದನ್ನು ನಾನು ಒಪ್ಪುವುದಿಲ್ಲ.

ಯಾಕೆಂದರೆ ನಮ್ಮ ರಂಗಭೂಮಿ ಸಂಗೀತವನ್ನು ಎಂದೂ ಹಗುರವಾಗಿ ಕಂಡದ್ದಲ್ಲ. ಕಂಪನಿ ನಾಟಕದ ಕಾಲದಲ್ಲಿ ಮೈಕ್ ಇರಲಿಲ್ಲ. ಟೆಂಟಿನ ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಸಾಹಿತ್ಯ ಕೇಳಿಸಬೇಕಿತ್ತು. ಅದಕ್ಕೇ ಗಂಡಸರೂ ಮೇಲಿನ ಶ್ರುತಿಯಲ್ಲಿ ಹಾಡುತ್ತಿದ್ದರು, ಅಕ್ಷರಗಳನ್ನು ಒತ್ತಿ ಹೇಳುತ್ತಿದ್ದರು. ಜನ 'ಒನ್ಸ್ ಮೋರ್' ಎಂದು ಕೂಗಿದರೆ ಅದೇ ಹಾಡನ್ನು ಮತ್ತೆ ಹಾಡಬೇಕು. ನಿಮ್ಮ ಮಗಳು ಮಾಡಿದಂಥ ಆಲಾಪ, ಸಂಗತಿಗಳಿಗೆ ಆ ಕಾಲದಲ್ಲಿ ದೊಡ್ಡ ಮರ್ಯಾದೆ ಇತ್ತು. ಕಂಪನಿ ನಾಟಕದ ನಟ ಎ.ವಿ. ವರದಾಚಾರ್ ಅವರ ಹಾಡುಗಾರಿಕೆ ಕೇಳಲೆಂದೇ ಜನ ನಾಟಕಕ್ಕೆ ಬರುತ್ತಿದ್ದರು. ಹಾಗಾಗಿ ಅವಳು ಹಾಡಿದ ರೀತಿಗೂ ನಮ್ಮ ರಂಗದಲ್ಲಿ ಬೇರು ಇದೆ. ಇದನ್ನು ಅವಳಿಗೆ ಖಂಡಿತ ಹೇಳಿ.

ಇನ್ನೊಂದು ಮಾತೂ ಅವಳಿಗೆ ತಿಳಿದಿರಲಿ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು (1910–1992) ಹುಡುಗರಾಗಿದ್ದಾಗ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ ಪಾರ್ಟು ಮಾಡುತ್ತಿದ್ದರು. ಅಲ್ಲಿ ಅವರ ಹಾಡು ಕೇಳಿ ಸಂಗೀತಗಾರ ಅಪ್ಪಯ್ಯಸ್ವಾಮಿಗಳು ಕರೆದು ಪಾಠ ಹೇಳಿದರು. ಆಮೇಲೆ ಮೀರಜಿನ ನೀಲಕಂಠಬುವಾ ಅವರಲ್ಲಿ ಕಲಿಕೆ ಮುಂದುವರಿಯಿತು. ಗದಗಿನಲ್ಲಿ ಪುಟ್ಟರಾಜ ಗವಾಯಿಗಳು ತಾವೇ ನಾಟಕ ಬರೆದು, ಕಂಪನಿ ಕಟ್ಟಿ, ಅದರಿಂದ ಬಂದ ದುಡ್ಡಿನಲ್ಲಿ ಆಶ್ರಮದ ಅಂಧ ಮಕ್ಕಳಿಗೆ ಅನ್ನ, ಸಂಗೀತ ಎರಡನ್ನೂ ಕೊಟ್ಟರು. ರಾಗ ಬೇರೆ, ರಂಗ ಬೇರೆ ಎಂದು ಗೋಡೆ ಕಟ್ಟಿದವರಲ್ಲ ಇವರು.

ಗೋಡೆಯನ್ನು ಇನ್ನೊಂದು ಕಡೆಯಿಂದ ಒಡೆದವರು ನಾಟಕ ನಿರ್ದೇಶಕ ಬಿ.ವಿ. ಕಾರಂತರು. ಬಂಟ್ವಾಳದ ಮಂಚಿಯವರು, ಹುಟ್ಟಿದ್ದು 1929ರಲ್ಲಿ. ಚಿಕ್ಕಂದಿನಲ್ಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದರು. ಕಂಪನಿಯ ಒಡೆಯ ವೀರಣ್ಣನವರೇ ಅವರನ್ನು ಓದಲು ಕಾಶಿಗೆ ಕಳಿಸಿದರು. ಅಲ್ಲಿ ಓಂಕಾರನಾಥ ಠಾಕೂರರಲ್ಲಿ ಸಂಗೀತವನ್ನೂ ಕಲಿತರು. ಅಂದರೆ ಕಂಪನಿಯ ಮಟ್ಟುಗಳೂ ಗೊತ್ತು, ಹಿಂದೂಸ್ತಾನಿಯೂ ಗೊತ್ತು. ಹಾಗಿದ್ದೂ ತಮ್ಮ ನಾಟಕಗಳಿಗೆ ಸಂಗೀತ ಮಾಡುವಾಗ ಅವರು ನೋಡುತ್ತಿದ್ದದ್ದು ಆ ಕ್ಷಣಕ್ಕೆ ಯಾವ ಸದ್ದು ಬೇಕು ಎಂದು. ಕೆಲವು ಕಡೆ ತುಂಬು ರಾಗ, ಕೆಲವು ಕಡೆ ಯಕ್ಷಗಾನದ ಎತ್ತುಗಡೆ, ಕೆಲವು ಕಡೆ ಬರೀ ಗುಂಪಿನ ಗುನುಗು. 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಅವರು ಆಡಿಸಿದ 'ಜೋಕುಮಾರಸ್ವಾಮಿ' ನೋಡಿದ ಹಿರಿಯರು ಈಗಲೂ ಆ ಹಾಡುಗಳ ಬಗ್ಗೆ ಮಾತಾಡುತ್ತಾರೆ. ಆ ಹಾಡುಗಳನ್ನು ನಾಟಕದಿಂದ ಕಿತ್ತು ಬೇರೆ ಮಾಡಿ ಹಾಡಿದರೆ ಅರ್ಧ ಜೀವ ಹೋಗುತ್ತದೆ.

ಸ್ಪರ್ಧೆಗಳ ತೊಂದರೆ ಇರುವುದೇ ಇಲ್ಲಿ. ಯುವಜನ ಮೇಳಗಳಲ್ಲಿ ಭಾವಗೀತೆ, ಲಾವಣಿ, ಗೀಗೀ ಪದಗಳ ಜೊತೆ ರಂಗಗೀತೆಯನ್ನೂ ಇಟ್ಟಿರುವುದು ನನಗೆ ತುಂಬ ಸಂತೋಷ ಕೊಡುವ ವಿಷಯ. ಆದರೆ ಬಹಳ ಕಡೆ ಹಾಡುವವರನ್ನು ಮೈಕಿನ ಮುಂದೆ ನಿಲ್ಲಿಸಿ, ನಂಬರು ಕೂಗಿ, ಬೆಲ್ಲು ಹೊಡೆಯುತ್ತೇವೆ. ಯಾವ ನಾಟಕ, ಯಾವ ಪಾತ್ರ ಎಂದು ಕೇಳುವುದೂ ಇಲ್ಲ. ಮೊಬೈಲಿನಿಂದ ಟ್ರ್ಯಾಕ್ ಹಾಕಿ ಹಾಡಲು ಬಿಡುತ್ತೇವೆ. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ. ಪಾತ್ರಕ್ಕೆ ಉಸಿರು ಕಟ್ಟಿದಾಗ ಹಾರ್ಮೋನಿಯಂನವರು ಒಂದು ಸ್ವರ ಹಿಡಿದು ಕಾಯುತ್ತಾರೆ, ಟ್ರ್ಯಾಕ್ ಮುಂದೆ ಹೋಗಿಬಿಡುತ್ತದೆ. ನನ್ನ ಕೈಯಲ್ಲಿದ್ದರೆ ಮೊದಲು ಟ್ರ್ಯಾಕ್ ತೆಗೆಸಿ, ಊರಿನ ಒಬ್ಬ ಹಾರ್ಮೋನಿಯಂ ಮೇಷ್ಟ್ರನ್ನೂ ತಬಲದವರನ್ನೂ ದಿನಪೂರ್ತಿ ಕೂರಿಸುತ್ತೇನೆ, ಅವರಿಗೆ ಸರಿಯಾಗಿ ಸಂಭಾವನೆ ಕೊಟ್ಟು. ಹಾಡುವ ಮೊದಲು ಅರ್ಧ ನಿಮಿಷ ಸನ್ನಿವೇಶ ಹೇಳಿಸುತ್ತೇನೆ. ತೀರ್ಪಿಗೆ ಒಬ್ಬರು ಸಂಗೀತದವರು, ಒಬ್ಬರು ನಾಟಕ ಆಡಿಸುವವರು ಇರಬೇಕು. ಅಂಕದ ಹಾಳೆಯನ್ನು ಮಕ್ಕಳ ಕೈಗೆ ಕೊಡಬೇಕು. ಸಂಘಟಕರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಯೋಚಿಸಿ.

ವಯಸ್ಸಿನ ಬಗ್ಗೆಯೂ ಒಂದು ಮಾತು. 15ರ ಹುಡುಗ, 29ರ ಯುವಕ ಒಂದೇ ವಿಭಾಗದಲ್ಲಿದ್ದರು ಎಂದು ಬರೆದಿದ್ದೀರಿ. ಹದಿನೈದಕ್ಕೆ ಎಷ್ಟೋ ಹುಡುಗರಿಗೆ ದನಿ ಒಡೆಯುತ್ತಿರುತ್ತದೆ. ಹಳೆಯ ಕಂಪನಿ ಹಾಡನ್ನು ಅದೇ ಮೇಲಿನ ಶ್ರುತಿಯಲ್ಲೇ ಹಾಡು ಎಂದು ಅವರನ್ನು ಬಲವಂತ ಮಾಡಿದರೆ ಗಂಟಲು ಕೆಡುತ್ತದೆ. ಈಗ ಮೈಕ್ ಇದೆ. ಶ್ರುತಿಯನ್ನು ಹಾರ್ಮೋನಿಯಂನ ಎರಡು ಮನೆ ಇಳಿಸಿ ಹಾಡಿದರೆ ಯಾವ ಅವಮಾನವೂ ಇಲ್ಲ.

ನಿಮ್ಮ ಮಗಳ ಹತ್ತಿರ ಈಗ ಏನು ಇಲ್ಲ, ಏನು ಇದೆ ಎಂದು ನೋಡಿ. ಶ್ರುತಿ ಇದೆ, ಲಯ ಇದೆ, ಎಂಟು ವರ್ಷದ ಸಾಧನೆ ಇದೆ. ಇದು ಇಲ್ಲದವರಿಗೆ ಕೊಡುವುದು ಕಷ್ಟ. ಇಲ್ಲದಿರುವುದು ಆ ಹಾಡಿನ ಹಿಂದಿನ ಕಥೆ, ಅದನ್ನು ಒಂದು ವಾರದಲ್ಲಿ ಪಡೆಯಬಹುದು. ಹಾಡಿನ ಸಾಹಿತ್ಯವನ್ನು ರಾಗ ಬಿಟ್ಟು, ಬರೀ ಮಾತಾಗಿ ನಿಮಗೇ ಹೇಳಲಿ. ನೀವು ಕೃಷ್ಣನ ಜಾಗದಲ್ಲಿ ಕುರ್ಚಿ ಹಾಕಿ ಕೂತುಕೊಳ್ಳಿ. ಅವಳು ಒಂದು ಸಾಲು ಹೇಳಿದ ಮೇಲೆ ಎದ್ದು ಹೊರಡಲು ನೋಡಿ. ನಿಮ್ಮನ್ನು ತಡೆಯಲು ಅವಳು ಮುಂದಿನ ಸಾಲು ಹೇಗೆ ಹೇಳುತ್ತಾಳೋ, ಅದರ ಮೇಲೆ ರಾಗವನ್ನು ಕೂರಿಸಲಿ. ಆಲಾಪ ಬಿಡಲೇಬೇಕು ಅಂತಿಲ್ಲ. ಮುಡಿಯನ್ನು ಕೈಗೆ ತೆಗೆದುಕೊಳ್ಳುವ ಆ ಗಳಿಗೆಯಲ್ಲಿ ಮಾತು ಬಾರದೆ ಬರೀ ಸ್ವರ ಬಂದರೆ, ಎರಡೇ ಎರಡು ಸುತ್ತು, ಅದಕ್ಕಿಂತ ಒಳ್ಳೆಯ ಆಲಾಪ ಯಾವುದಿದೆ? ಎಂಟು ವರ್ಷ ಕಲಿತದ್ದು ಅಲ್ಲಿ ಕೆಲಸಕ್ಕೆ ಬರುತ್ತದೆ. ಆ ಕರ್ಣನ ಹುಡುಗನಿಗೆ ಅದು ಸುಲಭಕ್ಕೆ ಸಿಗುವುದಿಲ್ಲ.

ಸಾಧ್ಯವಾದರೆ ಆ ಹುಡುಗನ ಪರಿಚಯ ಮಾಡಿಕೊಳ್ಳಲಿ. ಅವನಿಗೆ ಮೇಲಿನ ಷಡ್ಜ ನಿಲ್ಲಿಸುವುದನ್ನು ಇವಳು ಹೇಳಿಕೊಡಬಹುದು. ಎದುರಿಗೆ ಯಾರೂ ಇಲ್ಲದಾಗ ಅಲ್ಲಿ ಕೃಷ್ಣ ನಿಂತಿದ್ದಾನೆಂದು ಹೇಗೆ ಕಂಡುಕೊಂಡೆ ಎಂದು ಅವನನ್ನು ಕೇಳಬಹುದು.

ನಮ್ಮ ಕಚೇರಿಯ ಕಪಾಟಿನಲ್ಲಿ ಕುರುಕ್ಷೇತ್ರ ನಾಟಕದ ಹಳೆಯ ಪ್ರತಿಯೊಂದಿದೆ. ರಟ್ಟು ಹೋಗಿದೆ, ಒಳಗೆ ಯಾರೋ ಹಾಡುಗಳ ಪಕ್ಕದಲ್ಲಿ ಪೆನ್ಸಿಲಿನಲ್ಲಿ ತಾಳ ಗುರುತು ಹಾಕಿದ್ದಾರೆ. ಅದನ್ನು ಈ ವಾರ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ದ್ರೌಪದಿಯ ಹಾಡಿಗಿಂತ ಹಿಂದಿನ ನಾಲ್ಕು ಪುಟಕ್ಕೆ ಚೀಟಿ ಇಟ್ಟಿದ್ದೇನೆ, ಭೀಮನ ಮಾತಿನಿಂದ ಓದಲಿ. ಪುಸ್ತಕ ವಾಪಸ್ ಕಳಿಸಲು ಆತುರವಿಲ್ಲ.