ದೊಡ್ಡ ಮೋಟರ್ ಇಳಿಸಿದರೆ ಪಂಪಿಂಗ್ ಟೆಸ್ಟ್ ಹೆಚ್ಚು ದೂರ ಮುಟ್ಟುತ್ತದೆಯೇ?

ಪ್ರಶ್ನೆ: ಹಾರೋಹಳ್ಳಿ ಕಡೆ ನಮ್ಮ ತೋಟದ ಬೋರ್‌ವೆಲ್‌ಗೆ 8 ಗಂಟೆ ಪಂಪಿಂಗ್ ಟೆಸ್ಟ್ (ನೀರೆತ್ತುತ್ತಾ ಮಟ್ಟ ಎಷ್ಟು ಇಳಿಯಿತೆಂದು ಅಳೆಯುವ ಪರೀಕ್ಷೆ) ಮಾಡಿಸಿದೆವು. ಸೆಕೆಂಡಿಗೆ 2 ಲೀಟರ್ ನೀರು ಬಂತು. ಈ ಟೆಸ್ಟ್ ಎಷ್ಟು ದೂರದವರೆಗಿನ ಅಂತರ್ಜಲದ ಸ್ಥಿತಿ ಹೇಳುತ್ತದೆ? ದೊಡ್ಡ ಮೋಟರ್ ಹಾಕಿದ್ದರೆ ಇನ್ನೂ ದೂರ ತಿಳಿಯುತ್ತಿತ್ತೇ?

ಉತ್ತರ: ಇಲ್ಲ. ದೂರದ ಲೆಕ್ಕದಲ್ಲಿ ಮೋಟರಿನ ಪ್ರಸ್ತಾಪವೇ ಬರುವುದಿಲ್ಲ:

ದೂರ = 1.5 × √(ಟಿ × ಕಾಲ ÷ ಎಸ್)

‘ಟಿ’ ಎಂದರೆ ಬಂಡೆ ನೀರು ಹರಿಯಬಿಡುವ ಪ್ರಮಾಣ (ದಿನಕ್ಕೆ ಚದರ ಮೀಟರ್). ‘ಎಸ್’ ಎಂದರೆ ಮಟ್ಟ ಇಳಿದಾಗ ಬಂಡೆ ಬಿಟ್ಟುಕೊಡುವ ನೀರಿನ ಪಾಲು. ಕಾಲವನ್ನು ದಿನಗಳಲ್ಲಿ ಹಾಕಬೇಕು. ಟಿ 30, ಎಸ್ 0.001 ಎಂದಿಟ್ಟುಕೊಂಡರೆ 8 ಗಂಟೆಗೆ 150 ಮೀಟರ್. 24 ಗಂಟೆ ಓಡಿಸಿದರೂ 260 ಮೀಟರ್ ಅಷ್ಟೇ, ಏಕೆಂದರೆ ದೂರ ಬೆಳೆಯುವುದು ಕಾಲದ ವರ್ಗಮೂಲದಂತೆ. ಮೇಲಿನ ಕೊಳೆತ ಬಂಡೆಯ ಪದರದಿಂದಲೇ ನೀರು ಬರುತ್ತಿದ್ದು ಎಸ್ 0.02 ಇದ್ದರೆ, ಅದೇ 8 ಗಂಟೆಗೆ 34 ಮೀಟರ್ ಮಾತ್ರ!

ಹಾಗಾಗಿ ಎಸ್ ಊಹೆಯದಾದರೆ ಉತ್ತರವೂ ಊಹೆಯೇ. ಪಂಪ್ ಇರುವ ಬೋರಿನ ಅಳತೆಯಿಂದ ಟಿ ಸಿಗುತ್ತದೆ, ನಂಬುವಂಥ ಎಸ್ ಸಿಗುವುದಿಲ್ಲ. ಏಕೆಂದರೆ ನೀರು ಬೋರಿನೊಳಗೆ ನುಗ್ಗುವಾಗಿನ ನಷ್ಟವೂ ಅಲ್ಲಿನ ಮಟ್ಟದ ಇಳಿತದಲ್ಲಿ ಸೇರಿಕೊಂಡಿರುತ್ತದೆ. ಸುಮಾರು 30 ಮೀಟರ್ ದೂರದ ಇನ್ನೊಂದು ಬೋರಿನಲ್ಲಿ ಮಟ್ಟ ಅಳೆಯಿರಿ. ಕಾಲವನ್ನು ಲಾಗ್ ಅಕ್ಷದಲ್ಲಿಟ್ಟು (1, 10, 100 ಎಂದು ಪ್ರತಿ ಹೆಜ್ಜೆಗೂ ಹತ್ತು ಪಟ್ಟಾಗುವ ಅಕ್ಷ) ಇಳಿತವನ್ನು ಗುರುತಿಸಿ. ಕಾಲ ಹತ್ತು ಪಟ್ಟಾಗುವಾಗ ಸರಳರೇಖೆ 1.05 ಮೀಟರ್ ಇಳಿದರೆ, ಟಿ = 0.183 × 172.8 ÷ 1.05, ಅಂದರೆ 30 (ಸೆಕೆಂಡಿಗೆ 2 ಲೀಟರ್ ಎಂದರೆ ದಿನಕ್ಕೆ 172.8 ಘನ ಮೀಟರ್). ಅದೇ ರೇಖೆಯನ್ನು ಹಿಂದಕ್ಕೆ ಎಳೆದಾಗ ಶೂನ್ಯ ಇಳಿತಕ್ಕೆ 19 ನಿಮಿಷದಲ್ಲಿ ತಾಗಿದರೆ, ಎಸ್ = 2.25 × ಟಿ × ಆ ಕಾಲ ÷ ಎರಡು ಬೋರುಗಳ ನಡುವಿನ ದೂರದ ವರ್ಗ, ಸುಮಾರು 0.001. ಈ ಉದಾಹರಣೆಯಲ್ಲಿ ಮೊದಲ ಮೂರೂವರೆ ಗಂಟೆಯ ಬಿಂದುಗಳು ರೇಖೆಗೆ ಕೂರುವುದಿಲ್ಲ, ಅವನ್ನು ಬಿಡಿ. ಆಮೇಲೆ 8 ಗಂಟೆಯ ಟೆಸ್ಟ್‌ನಲ್ಲಿ ಉಳಿಯುವುದು ತೀರಾ ಕಡಿಮೆ. 24 ಗಂಟೆ ಓಡಿಸಿ ಎನ್ನುವುದು ಇದಕ್ಕೇ.

ಈ 150 ಮೀಟರ್ ಗಡಿಗೋಡೆಯಲ್ಲ. ಲೆಕ್ಕದ ಪ್ರಕಾರ ಅಲ್ಲಿ ಇನ್ನೂ 22 ಸೆಂಟಿಮೀಟರ್ ಇಳಿತ ಇರುತ್ತದೆ. ತೈಲ ಬಾವಿಯವರು 1.5ರ ಬದಲು 2 ಬಳಸುತ್ತಾರೆ; ಆಗ ದೂರ 200 ಮೀಟರ್, ಅಲ್ಲಿ ಇಳಿತ 10 ಸೆಂಟಿಮೀಟರ್. ದೊಡ್ಡ ಮೋಟರ್ ಉಪಯೋಗಕ್ಕೆ ಬರುವುದು ಇಲ್ಲಿ: ಇಳಿತ ದೊಡ್ಡದಾಗಿ ಟೇಪಿಗೆ ಸಿಗುತ್ತದೆ. ಆದರೆ ಮಟ್ಟ ಪಂಪ್‌ವರೆಗೆ ಇಳಿದರೆ ಟೆಸ್ಟೇ ಕೆಟ್ಟಂತೆ.

ನಿಮ್ಮ ಕಡೆ ಡೋಲರೈಟ್ ಡೈಕ್‌ಗಳು (ಬಂಡೆಯ ಬಿರುಕಿನಲ್ಲಿ ಶಿಲಾರಸ ಗಟ್ಟಿಯಾಗಿ ಗೋಡೆಯಂತೆ ನಿಂತ ಕಪ್ಪು ಕಲ್ಲು) ಹೆಚ್ಚು. ನೀರು ಬಿಡದ ಡೈಕ್ 150 ಮೀಟರ್ ಆಚೆ ಇದ್ದರೆ ಅದರ ಪರಿಣಾಮ ಹೋಗಿ ಮರಳಿ ಬರಬೇಕು, ಒಟ್ಟು 300 ಮೀಟರ್. 1.5ರ ಬದಲು 2 ಹಾಕಿದ ಲೆಕ್ಕದಲ್ಲಿ, ಪಂಪ್ ಇರುವ ಬೋರಿನಲ್ಲಿ ಅದು ಕಾಣತೊಡಗುವುದು ಸುಮಾರು 18 ಗಂಟೆಗೆ; ರೇಖೆಯ ಇಳಿಜಾರು ಇಮ್ಮಡಿಯಾಗಲು ಇನ್ನೂ ಹೊತ್ತು ಬೇಕು. ನಿಮ್ಮ ಟೆಸ್ಟ್ ಅದಕ್ಕೂ ಮೊದಲೇ ನಿಂತಿದೆ.

ಇನ್ನೊಂದು ಮಾತು: ಬಂಡೆಯ ಬಿರುಕಿನಲ್ಲಿ ಪ್ರಭಾವ ದುಂಡಗೆ ಹರಡುವುದಿಲ್ಲ. 60 ಮೀಟರ್ ಪಕ್ಕದ ಬೋರ್ ಅಲುಗಾಡದೆ, ಅದೇ ಬಿರುಕಿನ ಸಾಲಿನಲ್ಲಿ 300 ಮೀಟರ್ ದೂರದ ಬೋರ್ ಇಳಿಯಬಹುದು. ಮತ್ತೆ ಟೆಸ್ಟ್ ಮಾಡಿಸುವುದಾದರೆ ಜನರೇಟರ್ ಇಟ್ಟುಕೊಳ್ಳಿ, ಕರೆಂಟ್ ಮಧ್ಯೆ ಹೋದರೆ ಲೆಕ್ಕ ಹಳಿ ತಪ್ಪುತ್ತದೆ. ಗೇಟ್ ವಾಲ್ವ್ ತಿರುಗಿಸಿ ನೀರಿನ ಪ್ರಮಾಣ ಒಂದೇ ಸಮ ಇಡಿ: 200 ಲೀಟರ್ ಡ್ರಮ್ 100 ಸೆಕೆಂಡಿನಲ್ಲಿ ತುಂಬಬೇಕು. ಎತ್ತಿದ ನೀರನ್ನು ಪೈಪಿನಲ್ಲಿ ದೂರ ಸಾಗಿಸಿ. ಅಲ್ಲೇ ಬಿಟ್ಟರೆ ಇಂಗಿ ಇಳಿತವನ್ನು ಮುಚ್ಚಿಹಾಕುತ್ತದೆ.