ಸಮಯವಿಲ್ಲ ಎಂಬ ಮಾತಿನ ಹಿಂದೆ: ವಯಸ್ಕ ಕಲಿಕಾರ್ಥಿಯೊಬ್ಬರ ಆಪ್ತಸಲಹೆ ಪ್ರಕರಣ

ಸಲಹಾರ್ಥಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಅವರಿಗೆ 43 ವರ್ಷ. ಆಸ್ಪತ್ರೆಯೊಂದರಲ್ಲಿ ವಾರ್ಡ್ ಸಹಾಯಕಿ. ಮನೆಯಲ್ಲಿ ಪತಿ ಮತ್ತು ಕಾಲೇಜಿಗೆ ಹೋಗುವ ಮಗಳು. ಪ್ರೌಢಶಾಲೆಯ ಕೊನೆಯ ವರ್ಷದಲ್ಲಿ ಓದು ನಿಲ್ಲಿಸಿದ್ದ ಅವರು, ಬಾಕಿ ಉಳಿದ ಪರೀಕ್ಷೆಯನ್ನು ಮುಗಿಸಬೇಕೆಂದು ಎರಡು ಬಾರಿ ವಯಸ್ಕರ ತರಗತಿಗೆ ಸೇರಿ, ಎರಡು ಬಾರಿಯೂ ನಡುವೆ ಬಿಟ್ಟಿದ್ದರು. ಆದರೆ ಅವರು ನನ್ನಲ್ಲಿಗೆ ಬಂದದ್ದು ರಾತ್ರಿ ನಿದ್ದೆ ಬರುವುದಿಲ್ಲ, ಸಣ್ಣಪುಟ್ಟದಕ್ಕೂ ಮಗಳ ಮೇಲೆ ರೇಗುತ್ತೇನೆ ಎಂಬ ದೂರಿನೊಂದಿಗೆ. ಓದಿನ ವಿಷಯ ಮಾತಿನ ನಡುವೆ ಹೊರಬಂತು. ಬಂದೊಡನೆ ಅವರು ಅದನ್ನು ಮುಚ್ಚಿಬಿಟ್ಟರು: ‘ಅದೆಲ್ಲ ಈಗ ಎಲ್ಲಿ ಆಗುತ್ತದೆ, ಸಮಯವೇ ಇಲ್ಲ.’

ಸಮಯದ ಅಭಾವ ಸುಳ್ಳಾಗಿರಲಿಲ್ಲ. ಪಾಳಿಯ ಕೆಲಸ, ಮನೆಗೆಲಸ ಎರಡೂ ಅವರ ಮೇಲಿದ್ದವು. ಆದರೂ ವಯಸ್ಕರು ಓದು ಬಿಡಲು ಕೊಡುವ ಮೊದಲ ಕಾರಣವನ್ನೇ ಪೂರ್ಣ ಕಾರಣವೆಂದು ನಾನು ಎಣಿಸುವುದಿಲ್ಲ. ಶಿಕ್ಷಣತಜ್ಞೆ ಪೆಟ್ರೀಷಿಯಾ ಕ್ರಾಸ್ ಅವರು 1981ರಲ್ಲಿ ವಯಸ್ಕರ ಕಲಿಕೆಯ ತೊಡಕುಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು: ಬದುಕಿನ ಸನ್ನಿವೇಶದಿಂದ ಬರುವವು, ಶಿಕ್ಷಣ ಸಂಸ್ಥೆಯ ವ್ಯವಸ್ಥೆಯಿಂದ ಬರುವವು ಮತ್ತು ಕಲಿಯುವವರ ಮನೋಭಾವದಿಂದ ಬರುವವು. ಸಮೀಕ್ಷೆಗಳಲ್ಲಿ ಮೂರನೆಯ ಬಗೆ ಕಡಿಮೆ ಕಾಣಿಸಿಕೊಳ್ಳುವ ಸಾಧ್ಯತೆಯಿದೆ ಎಂದೂ ಅವರು ಎಚ್ಚರಿಸಿದ್ದರು. ‘ನನ್ನಿಂದ ಆಗದು’ ಎನ್ನುವುದಕ್ಕಿಂತ ‘ಸಮಯವಿಲ್ಲ, ಹಣವಿಲ್ಲ’ ಎನ್ನುವುದು ಯಾರಿಗಾದರೂ ಹಗುರ. ಯಾವ ತೊಡಕು ಯಾವ ಬಗೆಯದು ಎಂದು ಬೇರ್ಪಡಿಸಿ ನೋಡದೆ ‘ಮನಸ್ಸು ಮಾಡಿದರೆ ಎಲ್ಲವೂ ಸಾಧ್ಯ’ ಎಂದು ಹುರಿದುಂಬಿಸುವುದು ಈ ಕ್ಷೇತ್ರದಲ್ಲಿ ಬಹಳ ಹಾನಿ ಮಾಡಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಹಾಗೆ ಕೇಳಿಸಿಕೊಂಡವರು ಮತ್ತೊಮ್ಮೆ ಸೋತಾಗ ದೋಷವನ್ನೆಲ್ಲ ತಮ್ಮ ಮನಸ್ಸಿನ ಮೇಲೆಯೇ ಹೊರಿಸಿಕೊಳ್ಳುತ್ತಾರೆ.

ಮುಂದಿನ ಭೇಟಿಗೆ ಅವರ ಹಳೆಯ ಪಠ್ಯಪುಸ್ತಕ, ನೋಟ್‌ಬುಕ್ಕುಗಳನ್ನು ತರಲು ಹೇಳಿದೆ. ಎರಡು ನೋಟ್‌ಬುಕ್ಕುಗಳಲ್ಲೂ ಮೊದಲ ಹಾಳೆಗಳು ಗೆರೆ ಎಳೆದು, ಶೀರ್ಷಿಕೆಗೆ ಕೆಂಪು ಶಾಯಿ ಹಾಕಿ ಬಹಳ ಅಚ್ಚುಕಟ್ಟಾಗಿದ್ದವು. ಆಮೇಲೆ ಅಕ್ಷರ ದೊಡ್ಡದಾಗುತ್ತ, ಸಾಲು ತಪ್ಪುತ್ತ ಹೋಗಿ ಬರವಣಿಗೆಯೇ ನಿಂತಿತ್ತು. ಪುಸ್ತಕದ ಒಂದು ಪ್ಯಾರಾ ಓದಿ ಎಂದಾಗ ಅವರು ಪುಸ್ತಕವನ್ನು ತೋಳಿನ ಉದ್ದಕ್ಕೆ ದೂರ ಹಿಡಿದು, ಮೊದಲ ಸಾಲನ್ನು ಎರಡು ಸಲ ಓದಿ, ‘ನೋಡಿ, ನನ್ನ ತಲೆಗೆ ಹತ್ತುವುದೇ ಇಲ್ಲ’ ಎಂದು ಕೆಳಗಿಟ್ಟರು. ಅದೇ ಪ್ಯಾರಾವನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೊಟ್ಟೆ. ತಡವರಿಸದೆ ಓದಿದರು, ಅದರ ಅರ್ಥವನ್ನು ತಮ್ಮ ಮಾತಿನಲ್ಲಿ ವಿವರಿಸಿದರು.

ನಲವತ್ತು ದಾಟುತ್ತಿದ್ದಂತೆ ಕಣ್ಣಿನ ಮಸೂರ ತನ್ನ ಸ್ಥಿತಿಸ್ಥಾಪಕತೆಯನ್ನು ಕಳೆದುಕೊಂಡು ಹತ್ತಿರದ ಅಕ್ಷರಗಳು ಮಸುಕಾಗುವುದು ಹೆಚ್ಚುಕಡಿಮೆ ಎಲ್ಲರಿಗೂ ಆಗುವ ಸಂಗತಿ. ಓದುಬರಹ ದಿನನಿತ್ಯದ ಕೆಲಸವಾಗಿರುವವರು ಅದನ್ನು ಬೇಗ ಗುರುತಿಸಿ ಕನ್ನಡಕ ಹಾಕಿಕೊಳ್ಳುತ್ತಾರೆ. ವರ್ಷಗಟ್ಟಲೆ ಪುಸ್ತಕ ಹಿಡಿಯದವರಾದರೆ ಮತ್ತೆ ಹಿಡಿದ ದಿನವೇ ತಲೆನೋವು ಬಂದಾಗ, ಅದು ಕಣ್ಣಿನ ದೋಷವೆಂದು ತಿಳಿಯದೆ ಬುದ್ಧಿ ಮಂದವಾಗಿದೆ ಎಂದು ಭಾವಿಸುತ್ತಾರೆ. ಆದ್ದರಿಂದ ನಾನು ಕೊಟ್ಟ ಮೊದಲ ಸಲಹೆ ಕಣ್ಣಿನ ಪರೀಕ್ಷೆ. ಆಪ್ತಸಲಹೆಯಲ್ಲಿ ಇದನ್ನು ಚಿಲ್ಲರೆ ವಿಷಯವೆಂದು ಬಿಡಬಾರದು. ಕಣ್ಣು, ಕಿವಿ, ನಿದ್ದೆ, ರಕ್ತಹೀನತೆ ಇವುಗಳನ್ನು ವಿಚಾರಿಸದೆ ಆತ್ಮವಿಶ್ವಾಸದ ಮಾತನಾಡುವುದರಲ್ಲಿ ಅರ್ಥವಿಲ್ಲ.

ಕನ್ನಡಕ ಬಂದರೂ ‘ನಾನು ದಡ್ಡಿ’ ಎಂಬ ನಂಬಿಕೆ ಹಾಗೆಯೇ ಇತ್ತು. ಅದರ ಮೂಲ ಹಳೆಯದು. ಶಾಲೆಯಲ್ಲಿ ಶಿಕ್ಷಕರೊಬ್ಬರು ಅಂಕಗಳನ್ನು ತರಗತಿಯ ಮುಂದೆ ಗಟ್ಟಿಯಾಗಿ ಓದಿ, ಇವರನ್ನು ನಿಲ್ಲಿಸಿ ನಗೆಪಾಟಲು ಮಾಡಿದ್ದರು. ಓದು ಬಿಟ್ಟದ್ದೂ ಅದೇ ದಡ್ಡತನದಿಂದ ಎಂದು ಅವರು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದರು. ಆ ವರ್ಷ ಮನೆಯಲ್ಲಿ ಏನೇನಾಯಿತೆಂಬುದನ್ನು ತಿಂಗಳ ಕ್ರಮದಲ್ಲಿ ಬರೆದುಕೊಂಡು ಬರಲು ಹೇಳಿದೆ. ಬರೆದಾಗ ಕಂಡದ್ದು ಬೇರೆಯೇ: ತಂದೆ ಹಾಸಿಗೆ ಹಿಡಿದದ್ದು, ತಾಯಿ ದುಡಿಯಲು ಹೊರಟದ್ದು, ಕಿರಿಯರನ್ನು ನೋಡಿಕೊಳ್ಳಲು ಇವರು ಮನೆಯಲ್ಲಿ ಉಳಿದದ್ದು. ಅಂಕಗಳು ಕುಸಿದದ್ದು ಅದಾದ ಮೇಲೆ. ಆ ಹಾಳೆಯನ್ನು ಅವರು ಬಹಳ ಹೊತ್ತು ನೋಡಿ, ‘ಹಾಗಾದರೆ ನನ್ನನ್ನು ಬಿಡಿಸಿದ್ದು’ ಎಂದರು. ನಾನು ಯಾವ ವ್ಯಾಖ್ಯಾನವನ್ನೂ ಸೇರಿಸಲಿಲ್ಲ. ಇಂಥ ತಿಳಿವಳಿಕೆಯನ್ನು ಸಲಹೆಗಾರರು ಬಾಯಲ್ಲಿಟ್ಟು ಕೊಟ್ಟರೆ ಅದು ಉಳಿಯುವುದಿಲ್ಲ.

ಮನೆಯವರ ಮತ್ತು ಬಂಧುಗಳ ಪಾತ್ರವನ್ನು ಇಲ್ಲಿ ಹೇಳಬೇಕು. ಪತಿಯ ಅಕ್ಕ ‘ಮಗಳ ಜೊತೆಗೇ ಪರೀಕ್ಷೆ ಬರೆಯುತ್ತೀಯಾ’ ಎಂದು ನಾಲ್ಕು ಜನರ ಮುಂದೆ ಕೊಂಕು ನುಡಿದಿದ್ದರು; ಅಂದಿನಿಂದ ಇವರು ತಮ್ಮ ಪುಸ್ತಕಗಳನ್ನು ಮಗಳ ಪುಸ್ತಕಗಳ ಅಡಿಯಲ್ಲಿ ಇಡುತ್ತಿದ್ದರು. ಪತಿ ಎದುರು ಹೇಳುತ್ತಿರಲಿಲ್ಲ, ಆದರೆ ಇವರು ಪುಸ್ತಕ ತೆರೆದಾಗಲೆಲ್ಲ ಏನಾದರೊಂದು ಕೆಲಸ ನೆನಪಿಸುತ್ತಿದ್ದರು. ಸಲಹಾರ್ಥಿಯ ಸಮ್ಮತಿಯಿಂದ ಪತಿಯನ್ನೂ ಕರೆಸಿ ಮಾತನಾಡಿದೆ. ಹೆಣ್ಣುಮಕ್ಕಳ ಶಿಕ್ಷಣದ ಮಹತ್ವವನ್ನು ಅವರಿಗೆ ಬೋಧಿಸಲು ಹೋಗಲಿಲ್ಲ. ಅದನ್ನು ಅವರು ಒಪ್ಪಿಕೊಂಡೇ ಇದ್ದರು, ಒಪ್ಪಿಕೊಂಡೂ ಅಡ್ಡಿಯಾಗಿದ್ದರು. ಪರೀಕ್ಷೆ ಮುಗಿಸಿ ಪತ್ನಿಗೆ ಬಡ್ತಿ ಬಂದರೆ ಪಾಳಿ ಬದಲಾಗುತ್ತದೆ, ಆಗ ಮನೆಯ ಗತಿಯೇನು, ತನ್ನ ಮಾತಿಗೆ ಬೆಲೆ ಇರುತ್ತದೆಯೇ ಎಂಬ ಅಳುಕು ನಿಧಾನವಾಗಿ ಹೊರಬಂತು. ಪತ್ನಿಯ ಎದುರಿನಲ್ಲಿಯೇ ಅದನ್ನು ಬಾಯಿಬಿಟ್ಟು ಹೇಳಿದ್ದರಿಂದ ಮಾತುಕತೆ ಸುಗಮವಾಯಿತು. ಒಪ್ಪಿಗೆ, ಅನುಮತಿ ಎಂಬ ಪದಗಳನ್ನು ಬದಿಗಿಟ್ಟು ಯಾವ ಕೆಲಸ ಯಾರದು ಎಂಬುದನ್ನಷ್ಟೇ ತೀರ್ಮಾನಿಸಿದೆವು. ವಾರದಲ್ಲಿ ನಾಲ್ಕು ಸಂಜೆ ಒಂದೊಂದು ಗಂಟೆ ಅವರ ಓದಿಗೆ ಮೀಸಲು; ಆ ಹೊತ್ತಿನಲ್ಲಿ ಅಡುಗೆಮನೆಯ ಜವಾಬ್ದಾರಿ ಪತಿಯದು; ಯಾರಾದರೂ ಬಂದರೆ ಬಾಗಿಲು ತೆರೆಯುವುದು ಮಗಳದು. ಪುಸ್ತಕಗಳಿಗೆ ಎಲ್ಲರಿಗೂ ಕಾಣುವ ಕಡೆ ಒಂದು ಶೆಲ್ಫ್. ಅತ್ತಿಗೆಗೆ ಹೇಳಬೇಕಾದ ಉತ್ತರವನ್ನೂ ಅಭ್ಯಾಸ ಮಾಡಿದೆವು: ‘ಹೌದು ಅತ್ತಿಗೆ, ಓದುತ್ತಿದ್ದೇನೆ.’ ಅದಕ್ಕಿಂತ ಹೆಚ್ಚಿನ ಸಮರ್ಥನೆ ಕೊಡಬೇಕಾಗಿಲ್ಲ ಎಂದು ಹೇಳಿದೆ.

ಓದುವ ಕ್ರಮವನ್ನೂ ಬದಲಿಸಬೇಕಾಯಿತು. ಅವರು ಒಂದೇ ಪಾಠವನ್ನು ಹತ್ತಾರು ಬಾರಿ ಓದಿ, ಮರುದಿನ ಮರೆತು, ಎದೆಗುಂದುತ್ತಿದ್ದರು. ಮರೆವು ವಯಸ್ಸಿನ ಶಿಕ್ಷೆಯಲ್ಲ ಎಂಬುದನ್ನು ವಿವರಿಸಿದೆ: ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ತಮ್ಮ ಮೇಲೆಯೇ ನಡೆಸಿದಾಗ ಅವರಿಗಿನ್ನೂ ನಲವತ್ತು ತುಂಬಿರಲಿಲ್ಲ, ಕಲಿತದ್ದರ ಹೆಚ್ಚಿನ ಭಾಗ ಮೊದಲ ದಿನದೊಳಗೇ ಮಾಸಿಹೋಗುವುದನ್ನು ಅವರು ಕಂಡಿದ್ದರು. ಮತ್ತೆಮತ್ತೆ ಓದುವವರಿಗಿಂತ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯುವವರು ವಾರದ ನಂತರ ಹೆಚ್ಚು ನೆನಪಿಟ್ಟುಕೊಂಡಿದ್ದರೆಂದು ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದಾರೆ. ಐದು ನಿಮಿಷದ ನಂತರ ನೋಡಿದರೆ ಮಾತ್ರ ಫಲ ತಿರುವುಮುರುವಾಗಿತ್ತು, ಆದ್ದರಿಂದಲೇ ಬರೀ ಓದು ಫಲಿಸುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಾದಷ್ಟನ್ನು ಬರೆದು, ಬಿಟ್ಟದ್ದನ್ನು ಮಾತ್ರ ಮತ್ತೆ ನೋಡುವುದು, ಮರುದಿನ ಮತ್ತು ಮುಂದಿನ ವಾರ ಅದನ್ನೇ ಪುನಃ ನೆನಪಿಸಿಕೊಳ್ಳುವುದು ಎಂದು ಕ್ರಮ ಹಾಕಿಕೊಟ್ಟೆ.

ಶಿಕ್ಷಣ ಕೇಂದ್ರದ ಕಡೆಯ ತೊಡಕುಗಳು ಬೇಗ ಬಗೆಹರಿದವು. ಎಲ್ಲ ವಿಷಯಗಳನ್ನೂ ಒಟ್ಟಿಗೇ ಬರೆಯಬೇಕೇ, ಪಾಳಿಯಿಂದ ತರಗತಿ ತಪ್ಪಿದರೆ ಪಾಠ ಎಲ್ಲಿ ಸಿಗುತ್ತದೆ, ಶುಲ್ಕವನ್ನು ಕಂತಿನಲ್ಲಿ ಕಟ್ಟಬಹುದೇ ಎಂದು ಬರೆದುಕೊಂಡು ಹೋಗಿ ಕೇಳಲು ಸೂಚಿಸಿದೆ. ವಿಷಯಗಳನ್ನು ಬಿಡಿಯಾಗಿ ಬರೆಯಬಹುದೆಂಬುದು ಅವರಿಗೆ ಆಗಲೇ ಗೊತ್ತಾದದ್ದು.

ಹಿತೈಷಿಗಳು ಅವರಿಗೆ ಕೀನ್ಯಾದ ಕಿಮಾನಿ ಮರುಗೆ ಅವರ ಕಥೆಯನ್ನು ಹೇಳುತ್ತಿದ್ದರಂತೆ. 2004ರಲ್ಲಿ 84ನೇ ವಯಸ್ಸಿನಲ್ಲಿ ಒಂದನೇ ತರಗತಿ ಸೇರಿದವರು. ಆ ಕಥೆ ಕೇಳಿದಾಗಲೆಲ್ಲ ಇವರಿಗೆ ತಮ್ಮ ಬಗ್ಗೆ ಇನ್ನಷ್ಟು ನಾಚಿಕೆಯಾಗುತ್ತಿತ್ತು. ತನ್ನ ಸಾಮರ್ಥ್ಯದ ಮೇಲಿನ ನಂಬಿಕೆ ಹುಟ್ಟುವ ಬಗೆಯನ್ನು 1977ರಲ್ಲಿ ನಿರೂಪಿಸಿದ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಅವರ ಪ್ರಕಾರ, ಸ್ವತಃ ಸಾಧಿಸಿದ ಅನುಭವಕ್ಕೆ ಮೊದಲ ಸ್ಥಾನ. ಇತರರನ್ನು ನೋಡಿ ಬರುವ ಧೈರ್ಯವೂ ಆ ಇತರರು ತನ್ನಂತೆಯೇ ಇದ್ದಾಗ ಹೆಚ್ಚು. ಆದ್ದರಿಂದ ಅವರದೇ ಆಸ್ಪತ್ರೆಯಲ್ಲಿ, ಅದೇ ಪಾಳಿಯಲ್ಲಿ ದುಡಿಯುತ್ತ ಪರೀಕ್ಷೆ ಮುಗಿಸಿದವರು ಯಾರಾದರೂ ಇದ್ದಾರೆಯೇ ವಿಚಾರಿಸಿ ಎಂದೆ. ಒಬ್ಬರು ಸಿಕ್ಕಿದರು. ಮೊದಲ ಸಲ ಅನುತ್ತೀರ್ಣರಾದದ್ದನ್ನು ಆ ಸಹೋದ್ಯೋಗಿ ಮುಚ್ಚಿಡದೆ ಹೇಳಿದ್ದು ಇವರಿಗೆ ಬಹಳ ನೆರವಾಯಿತು.

ಅವರು ಮೊದಲ ಅವಧಿಯಲ್ಲಿ ಭಾಷೆ ಮತ್ತು ಸಮಾಜ ವಿಜ್ಞಾನ ಬರೆದು ಎರಡರಲ್ಲೂ ಉತ್ತೀರ್ಣರಾದರು. ಗಣಿತವನ್ನು ಬೇಕೆಂದೇ ಮುಂದಕ್ಕೆ ಹಾಕಿದ್ದರು. ನಿದ್ದೆ ಸುಧಾರಿಸಿದೆ. ಪತಿ ಒಪ್ಪಂದವನ್ನು ಬಹುಪಾಲು ಪಾಲಿಸುತ್ತಿದ್ದಾರೆ, ಮನೆಗೆ ನೆಂಟರು ಬಂದ ದಿನಗಳಲ್ಲಿ ಅದು ತಪ್ಪುತ್ತದೆ. ಅತ್ತಿಗೆಯ ಮಾತು ನಿಂತಿಲ್ಲ. ಈಗ ಗಣಿತಕ್ಕೆ ಮಗಳಿಂದ ಪಾಠ ಹೇಳಿಸಿಕೊಳ್ಳಬೇಕೆಂಬ ಯೋಚನೆ ಅವರಿಗಿದೆ. ತಾಯಿ–ಮಗಳ ನಡುವಿನ ಹಳೆಯ ಸಿಡುಕು ಪಾಠದ ಹೊತ್ತಿನಲ್ಲಿ ಮರುಕಳಿಸಬಹುದಾದ್ದರಿಂದ ಒಂದು ತಿಂಗಳು ಪ್ರಯತ್ನಿಸಿ, ಸರಿಹೋಗದಿದ್ದರೆ ಕೇಂದ್ರದ ಶಿಕ್ಷಕರನ್ನೇ ಕೇಳುವುದೆಂದು ಮೂವರೂ ಕೂತು ನಿರ್ಧರಿಸಿದ್ದಾರೆ.