ಶಿಕಾಗೋ ಪೊಲೀಸರ ಬಗ್ಗೆ ಕೇಳಿದ ತಮ್ಮನಿಗೆ

ಆಗಸ್ಟ್‌ನಲ್ಲಿ ದಾವಣಗೆರೆಯಿಂದ ಶಿಕಾಗೋಗೆ ಓದಲು ಬರುತ್ತಿದ್ದೀಯೆ ಎಂದು ತಿಳಿದು ಸಂತೋಷವಾಯಿತು. ನೀನು ಕೇಳಿರುವುದು ನಾಲ್ಕು ಪ್ರಶ್ನೆ. ಮನೆ ಎಲ್ಲಿ ಹಿಡಿಯಬೇಕು, ಚಳಿಗೆ ಏನು ತರಬೇಕು, ನಮ್ಮ ಲೈಸೆನ್ಸ್ ಅಲ್ಲಿ ನಡೆಯುತ್ತದೆಯೇ, ಕೊನೆಗೆ, "ಅಕ್ಕಾ, ಅಲ್ಲಿನ ಪೊಲೀಸರೂ ಮಾಮೂಲು ತೆಗೆದುಕೊಳ್ಳುತ್ತಾರೆಯೇ? ಏನಾದರೂ ಆದರೆ ಧೈರ್ಯವಾಗಿ ಠಾಣೆಗೆ ಹೋಗಬಹುದೇ?"

ರೈಲು ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಮನೆ ನೋಡು. ದಪ್ಪ ಕೋಟನ್ನು ಅಲ್ಲಿಂದ ಹೊತ್ತು ತರಬೇಡ, ಇಲ್ಲಿಯ ಚಳಿಗೆ ಅದು ಸಾಲದು. ಲೈಸೆನ್ಸ್ ವಿಚಾರವನ್ನು ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳು. ಡೆವನ್ ಅವೆನ್ಯೂನಲ್ಲಿ ತೊಗರಿಬೇಳೆ, ಕರಿಬೇವು, ಮಂಡಕ್ಕಿ ಎಲ್ಲ ಸಿಗುತ್ತವೆ. ನಿಮ್ಮೂರಿನ ಮಂಡಕ್ಕಿಯ ರುಚಿಯನ್ನು ಮಾತ್ರ ಹುಡುಕಬೇಡ. ಅಮ್ಮ ಕಟ್ಟಿಕೊಡುವ ಸಾರಿನ ಪುಡಿ ಮರೆಯದೆ ತಾ.

ನಾಲ್ಕನೆಯ ಪ್ರಶ್ನೆ ನನ್ನನ್ನು ಎರಡು ದಿನ ಕಾಡಿತು.

ಮೊದಲು ಜೀವಕ್ಕೆ ಸಂಬಂಧಿಸಿದ್ದನ್ನು ಹೇಳುತ್ತೇನೆ. ನಮ್ಮಲ್ಲಿ ಪೊಲೀಸರು ಕೈ ತೋರಿಸಿದರೆ ಗಾಡಿ ನಿಲ್ಲಿಸಿ, ಇಳಿದು, ಅವರು ನಿಂತಲ್ಲಿಗೇ ಹೋಗುತ್ತೇವೆ, ಅದು ಮರ್ಯಾದೆ. ಇಲ್ಲಿ ಅದನ್ನು ಮಾಡಲೇಬೇಡ. ಗಾಡಿಯೊಳಗೇ ಕುಳಿತಿರು, ಎರಡೂ ಕೈ ಸ್ಟಿಯರಿಂಗ್ ಮೇಲೆ ಕಾಣುವ ಹಾಗಿರಲಿ. ಕಾಗದ ಕೇಳಿದರೆ ಎಲ್ಲಿದೆ ಎಂದು ಹೇಳಿ, ಆಮೇಲೆ ಕೈ ಹಾಕು. ದಂಡವನ್ನು ಸ್ಥಳದಲ್ಲಿ ಕಟ್ಟುವ ಪದ್ಧತಿಯಿಲ್ಲ. ಚೀಟಿ ಕೊಡುತ್ತಾರೆ, ಆಮೇಲೆ ಕಟ್ಟಬೇಕು ಅಥವಾ ಕೋರ್ಟಿನಲ್ಲಿ ಪ್ರಶ್ನಿಸಬೇಕು. "ಏನಾದರೂ ನೋಡಿ ಸಾರ್" ಎಂಬ ನಮ್ಮ ಮಾತು ಬಾಯಿಗೆ ಬರಕೂಡದು. ಲಂಚ ನೀಡಲು ಮುಂದಾದರೂ ಇಲ್ಲಿ ಜೈಲಾಗುವ ಅಪರಾಧ.

ಹಾಗೆಂದು ಇಲ್ಲಿ ಮಾಮೂಲಿಯೇ ಇಲ್ಲವೆಂದು ತಿಳಿಯಬೇಡ. ನಿನ್ನಂಥ ವಿದ್ಯಾರ್ಥಿಯ ಹತ್ತಿರ ಯಾರೂ ಕೈಚಾಚುವುದಿಲ್ಲ, ಅಷ್ಟೆ. ನಗರದ ದಕ್ಷಿಣ ಭಾಗದಲ್ಲಿ ಐಡಾ ಬಿ. ವೆಲ್ಸ್ ಎಂಬ ಸರ್ಕಾರಿ ವಸತಿ ಸಮುಚ್ಚಯವಿತ್ತು, ಬಡ ಕಪ್ಪು ಜನರ ಮನೆಗಳು. ಅಲ್ಲಿ ರೊನಾಲ್ಡ್ ವಾಟ್ಸ್ ಎಂಬ ಸಾರ್ಜೆಂಟ್ ಮತ್ತು ಅವನ ತಂಡದವರು ಮಾದಕ ವಸ್ತು ಮಾರುವವರಿಂದ ವಸೂಲಿ ಮಾಡುತ್ತಿದ್ದರು, ಹಣ ಕೊಡದವರ ಮೇಲೆ ತಾವೇ ಮಾಲು ಇಟ್ಟು ಕೇಸು ಹಾಕುತ್ತಿದ್ದರು. ವಾಟ್ಸ್‌ಗೆ 2013ರಲ್ಲಿ ಆದ ಶಿಕ್ಷೆ 22 ತಿಂಗಳು. ಆ ತಂಡ ಹಾಕಿದ ಕೇಸುಗಳಲ್ಲಿ 200ಕ್ಕೂ ಹೆಚ್ಚು ಶಿಕ್ಷೆಗಳನ್ನು ಆಮೇಲೆ ನ್ಯಾಯಾಲಯಗಳು ರದ್ದು ಮಾಡಿವೆ. ಅವನ ವಿರುದ್ಧ ಕೇಂದ್ರ ತನಿಖೆಗೆ ನೆರವಾದ ಇಬ್ಬರು ಪೊಲೀಸರನ್ನು ಇಲಾಖೆಯವರು ಹತ್ತಿರ ಸೇರಿಸಲಿಲ್ಲ. ಆ ಇಬ್ಬರೂ ನಗರದ ಮೇಲೆಯೇ ದಾವೆ ಹೂಡಿದರು. 2016ರಲ್ಲಿ ನಗರ 20 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಈಗ ನನ್ನದೊಂದು ವಿಷಯ. ನಾನು ಬಂದದ್ದು 2002ರಲ್ಲಿ, ಮದುವೆಯಾದ ಹೊಸತರಲ್ಲಿ. ಮೊದಲ ವರ್ಷ ಇದ್ದದ್ದು ಶಿಕಾಗೋದಲ್ಲಲ್ಲ, ಅದರ ಅಂಚಿನ ಒಂದು ಸಣ್ಣ ಊರಿನಲ್ಲಿ. ಅಲ್ಲಿಗೆ ಬೇರೆಯದೇ ಪೊಲೀಸ್ ಇಲಾಖೆ. ಒಂದು ಸಂಜೆ ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿಯಲ್ಲಿ ಕುಳಿತಿದ್ದೆ. ಗಾಜಿನಾಚೆ ಒಬ್ಬ ಕಪ್ಪು ಹುಡುಗ ಒಗೆದ ಬಟ್ಟೆಯ ಚೀಲ ಹೊತ್ತು ಹೊರಟಿದ್ದ. ಇಬ್ಬರು ಪೊಲೀಸರು ತಡೆದರು. ಚೀಲವನ್ನು ರಸ್ತೆಯ ಕೊಚ್ಚೆಹಿಮದ ಮೇಲೆ ಸುರಿದರು. ಅವನ ಜೇಬಿನಿಂದ ತೆಗೆದ ನೋಟುಗಳನ್ನು ಒಬ್ಬ ಎಣಿಸಿ ತನ್ನ ಕೋಟಿನೊಳಗೆ ಇಟ್ಟುಕೊಂಡ. ಹುಡುಗ ಏನೋ ಕೇಳಿದ. ಮುಖವನ್ನು ಗಾಡಿಗೆ ಒತ್ತಿ ಹಿಡಿದು ಕೈಕೋಳ ಹಾಕಿದರು. ಆ ಒತ್ತಿದ ಮುಖ ನನ್ನ ಕಡೆಗೇ ತಿರುಗಿತ್ತು. ಅವರು ಹೋದ ಮೇಲೆ ನಾನು ಹೊರಗೆ ಹೋಗಿ ಬಟ್ಟೆಗಳನ್ನೆಲ್ಲ ಚೀಲಕ್ಕೆ ತುಂಬಿ ಅಂಗಡಿಯೊಳಗೆ ಇಟ್ಟೆ. ಅದರಲ್ಲಿ ಮಗುವಿನ ಕಾಲುಚೀಲಗಳಿದ್ದವು, ಹಳದಿ ಬಣ್ಣದವು.

ವಾರದ ನಂತರ ಆ ಹುಡುಗನ ಕಡೆಯ ವಕೀಲೆ ನಮ್ಮ ಕಟ್ಟಡದಲ್ಲಿ ಮನೆಮನೆಗೂ ಬಂದು, ಯಾರಾದರೂ ನೋಡಿದ್ದೀರಾ ಎಂದು ಕೇಳಿದರು. ನಾನು ಇಲ್ಲ ಎಂದೆ. ಆದರೂ ವಿಳಾಸದ ಚೀಟಿ ಕೊಟ್ಟು ಹೋದರು. ಗಂಡ, "ನಮ್ಮ ವೀಸಾ ಇವರ ಕೈಯಲ್ಲಿದೆ" ಎಂದರು. ಊರಿಗೆ ಫೋನ್ ಮಾಡಿದರೆ ಅಪ್ಪನದೂ ಅದೇ ಮಾತು. ಅಪ್ಪ ಹಿಂದೊಮ್ಮೆ ಪಂಚನಾಮೆಗೆ ಸಹಿ ಹಾಕಿದ್ದಕ್ಕೆ ನಾಲ್ಕು ವರ್ಷ ತಾಲ್ಲೂಕು ಕೋರ್ಟಿಗೆ ಅಲೆದವರು. ಊರ ಉಸಾಬರಿ ನಮಗೇಕೆ ಎಂಬುದು ನಮ್ಮ ಮನೆಯಲ್ಲಿ ಅನುಭವದಿಂದ ಬಂದ ಮಾತು. ನಾನು ಕರೆ ಮಾಡಲಿಲ್ಲ. ಆ ಹುಡುಗನಿಗೆ ಏನಾಯಿತೆಂದು ನನಗೆ ಇಂದಿಗೂ ಗೊತ್ತಿಲ್ಲ.

ಆಮೇಲೆ ನಾವು ಶಿಕಾಗೋಗೆ ಬಂದೆವು, ಮಗಳು ಇಲ್ಲಿಯೇ ಹುಟ್ಟಿದಳು. ಎಂಟನೇ ತರಗತಿಯಲ್ಲಿ ಅವಳಿಗೆ ಜಾನ್ ಬರ್ಜ್‌ನ ಪಾಠವಿತ್ತು. ಬರ್ಜ್ ಇಲ್ಲಿನ ಪೊಲೀಸ್ ಕಮಾಂಡರ್. 1972ರಿಂದ 1991ರವರೆಗೆ ಅವನೂ ಅವನ ಕೈಕೆಳಗಿನವರೂ ನೂರಕ್ಕೂ ಹೆಚ್ಚು ಜನರಿಗೆ, ಬಹುತೇಕ ಕಪ್ಪು ಗಂಡಸರಿಗೆ, ವಿದ್ಯುತ್ ಶಾಕ್ ಕೊಟ್ಟು, ತಲೆಗೆ ಪ್ಲಾಸ್ಟಿಕ್ ಕವಚಿ ಉಸಿರು ಕಟ್ಟಿಸಿ ತಪ್ಪೊಪ್ಪಿಗೆ ಬರೆಸಿಕೊಂಡರು. ಕೆಲವರಿಗೆ ಮರಣದಂಡನೆಯೂ ಆಗಿತ್ತು. 1993ರಲ್ಲಿ ಬರ್ಜ್‌ನನ್ನು ವಜಾ ಮಾಡಿದರು, ಆದರೆ ಹಿಂಸೆಗಾಗಿ ಕೇಸು ಹಾಕುವ ಕಾಲಮಿತಿ ಮುಗಿದುಹೋಗಿತ್ತು. 2010ರಲ್ಲಿ ಅವನು ತಪ್ಪಿತಸ್ಥನೆಂದು ತೀರ್ಪಾದದ್ದು ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ. ನಾಲ್ಕೂವರೆ ವರ್ಷದ ಶಿಕ್ಷೆಯಾಯಿತು, ಪಿಂಚಣಿ ಮಾತ್ರ ಉಳಿಯಿತು. ನೊಂದವರು ಪಟ್ಟು ಬಿಡದೆ ಹೋರಾಡಿದ್ದರಿಂದ 2015ರಲ್ಲಿ ನಗರಸಭೆ 55 ಲಕ್ಷ ಡಾಲರ್ ಪರಿಹಾರ ಒಪ್ಪಿಕೊಂಡು, ಈ ಚರಿತ್ರೆಯನ್ನು ಎಂಟು ಮತ್ತು ಹತ್ತನೇ ತರಗತಿಗಳಲ್ಲಿ ಕಲಿಸಬೇಕೆಂದು ನಿರ್ಣಯಿಸಿತು. ತನ್ನ ಕಳಂಕವನ್ನು ತನ್ನ ಮಕ್ಕಳಿಗೇ ಪಾಠ ಮಾಡುವ ಈ ಊರಿನ ಬಗ್ಗೆ ನನಗೆ ಹೆಮ್ಮೆಯಿದೆ.

ಪುಸ್ತಕ ಮುಚ್ಚಿ ಮಗಳು ಕೇಳಿದಳು: "ಅಮ್ಮಾ, ಇಷ್ಟು ವರ್ಷ ಯಾರೂ ನೋಡಲೇ ಇಲ್ಲವೇ?"

ನೋಡಿದವರಿದ್ದರು. 1989ರಲ್ಲಿ, ಬರ್ಜ್ ಮೇಲಿನ ಸಿವಿಲ್ ದಾವೆಯ ವಿಚಾರಣೆ ನಡೆಯುತ್ತಿದ್ದಾಗ, ನೊಂದವರ ವಕೀಲರಿಗೆ ಪೊಲೀಸ್ ಇಲಾಖೆಯದೇ ಲಕೋಟೆಯಲ್ಲಿ ಹೆಸರಿಲ್ಲದ ಪತ್ರಗಳು ಬಂದವು. ಯಾರನ್ನು ಕೇಳಬೇಕು, ಎಲ್ಲಿ ಹುಡುಕಬೇಕು ಎಂದು ಒಳಗಿನವರೊಬ್ಬರು ಬರೆದಿದ್ದರು. 2014ರಲ್ಲಿ 17 ವರ್ಷದ ಲಕ್ವಾನ್ ಮೆಕ್‌ಡೊನಾಲ್ಡ್‌ನನ್ನು ಪೊಲೀಸನೊಬ್ಬ 16 ಗುಂಡು ಹೊಡೆದು ಕೊಂದಾಗಲೂ, ವಿಡಿಯೋ ಇದೆ ಎಂದು ಒಳಗಿನಿಂದಲೇ ಸುಳಿವು ಹೊರಬಂತು. ಪತ್ರಕರ್ತರು ಬೆನ್ನುಹತ್ತಿದರು; ನ್ಯಾಯಾಲಯದ ಆದೇಶದಿಂದ 13 ತಿಂಗಳ ನಂತರ ಅದು ಬಯಲಾಯಿತು. ಹುಡುಗ ಮೈಮೇಲೆ ಬಂದನೆಂದು ಪೊಲೀಸರು ಬರೆದಿದ್ದರು, ವಿಡಿಯೋದಲ್ಲಿ ಅವನು ದೂರ ಸರಿಯುತ್ತಿದ್ದ. ಒಬ್ಬರ ತಪ್ಪನ್ನು ಮತ್ತೊಬ್ಬರು ಮುಚ್ಚುವ ಮೌನ ಇಲಾಖೆಯೊಳಗಿದೆ ಎಂದು ಮೇಯರ್ ರಾಮ್ ಇಮ್ಯಾನ್ಯುಯೆಲ್ ಆಗ ನಗರಸಭೆಯಲ್ಲೇ ಒಪ್ಪಿಕೊಂಡರು.

ಮಗಳಿಗೆ ಇದೆಲ್ಲ ಹೇಳಿದೆ. ಹಳದಿ ಕಾಲುಚೀಲದ ಕಥೆ ಹೇಳಲು ಇನ್ನೂ ಎರಡು ವರ್ಷ ಬೇಕಾಯಿತು.

ಸುಧಾರಣೆ ಆಗುತ್ತಿದೆ, ನಿಧಾನವಾಗಿ. 2019ರಿಂದ ಇಲಾಖೆ ಕೇಂದ್ರದ (ಫೆಡರಲ್) ನ್ಯಾಯಾಲಯದ ಕಣ್ಗಾವಲಿನಲ್ಲಿದೆ. ಐದು ವರ್ಷವೆಂದು ಇಟ್ಟ ಗಡುವನ್ನು ಎಂಟಕ್ಕೆ ಏರಿಸಬೇಕಾಯಿತು. 2023ರಿಂದ 22 ಪೊಲೀಸ್ ವಲಯಗಳಲ್ಲೂ ಜನರೇ ಆರಿಸಿದ ಮೂವರ ಮಂಡಳಿಯಿದೆ. ಆ ಚುನಾವಣೆಯಲ್ಲಿ ನಾನೂ ಮತ ಹಾಕಿದೆ. ನಮ್ಮ ವಲಯದ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ನಿನಗೆ ಮತವಿಲ್ಲದಿದ್ದರೂ ಸಭೆಗೆ ಬರಬಹುದು.

ಠಾಣೆಗೆ ಹೋಗಬಹುದೇ ಎಂದೆಯಲ್ಲ, ಹೋಗು. ದೂರು ಕೊಟ್ಟರೆ ಅದರ ಸಂಖ್ಯೆ ಬರೆದುಕೊಂಡು ಬಾ. ಒಬ್ಬನೇ ಹೋಗಲು ಅಳುಕಾದರೆ ಎಷ್ಟು ಹೊತ್ತಾಗಿದ್ದರೂ ನನಗೆ ಫೋನ್ ಮಾಡು, ಜೊತೆಗೆ ಬರುತ್ತೇನೆ. ನಿನ್ನ ಕಣ್ಣಮುಂದೆ ಬೇರೆಯವರಿಗೆ ಏನಾದರೂ ಆದರೂ ಫೋನ್ ಮಾಡು. ತಾರೀಖು, ಹೊತ್ತು, ಗಾಡಿಯ ನಂಬರು ಮರೆಯುವ ಮೊದಲು ಇಬ್ಬರೂ ಕೂತು ಬರೆದಿಡೋಣ.